ನೆರಳಿನ ಕಾಲಂ

ನನ್ನ ಕೆಲಸ ನೆರಳು ಅಳೆಯುವುದು.
ಹೊಸಕೋಟೆ ದಾಟಿ, ಸೂಲಿಬೆಲೆ ರಸ್ತೆ ಬಿಟ್ಟು,
ನೀಲಗಿರಿ ಕಡಿದ ಬುಡಗಳ ನಡುವೆ
ಕಂಪನಿ ಜೀಪು ಇಳಿಸಿಹೋದಲ್ಲಿ ಟ್ರೈಪಾಡು ಊರಿ
ಯಾವುದರ ನೆರಳು, ಎಷ್ಟು ಗಂಟೆಗೆ, ಎಲ್ಲಿಯವರೆಗೆ
ಬರೆದುಕೊಳ್ಳುವುದು.
ಮರವೋ ಮನೆಯೋ ಕಂಬವೋ,
ಹಾಳೆಯಲ್ಲಿ ಎಲ್ಲದಕ್ಕೂ ಒಂದೇ ಹೆಸರು: ನಷ್ಟ.

ಗುಳ್ಳೇನಹಳ್ಳಿಯಲ್ಲಿ ಅರವತ್ತೆರಡು ಎಕರೆ,
ಇಪ್ಪತ್ತೆಂಟು ವರ್ಷದ ಗುತ್ತಿಗೆ.
ಅಬ್ಬಯ್ಯ ಖುಷಿಯಿಂದಲೇ ಸಹಿ ಹಾಕಿದ.
ರಾಗಿ ಕೊಯ್ಲಿಗೆ ಆಳು ಹುಡುಕುವುದು ತಪ್ಪಿತು, ನವಿಲಿನ ಕಾಟ ತಪ್ಪಿತು,
"ಬಿಸ್ಲಿಗೂ ಬಾಡ್ಗೆ ಬತ್ತದೆ ಅಂದಿದ್ರೆ ನಮ್ಮಪ್ಪ ನಗಾಡ್ಬುಡೋನು" ಅಂದ.
ಹನುಮಕ್ಕ ಮಾತ್ರ ಕರಾರನ್ನು ಮೂರು ಸಲ ಓದಿಸಿಕೊಂಡಳು,
ಮೂರನೇ ಸಲ 'ತದನಂತರ' ಎಂಬ ಪದದ ಮೇಲೆ ಬೆರಳಿಟ್ಟು
"ಅದಾದ್ಮೇಕೆ?" ಅಂದಳು.
ವಕೀಲ ನೀರು ಕುಡಿದ.

ಪಿಳ್ಳಮ್ಮನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ.
ಅವಳ ಆಸ್ತಿ ಹದಿನೇಳು ಕುರಿ, ಒಂದು ಕೋಲು,
ಮತ್ತೆ ದಕ್ಷಿಣದ ಬದುವಿನ ಹುಣಸೆ ಕೆಳಗಿನ ಮಧ್ಯಾಹ್ನ.
"ಏನಮ್ಮಿ, ನೆಳ್ಳೂ ಅಳೀತೀರಾ? ಅಳದು?"
ತೆಗೀತೀವಿ ಅನ್ನಲಾಗಲಿಲ್ಲ. "ಬರ್ಕೋತೀವಿ" ಅಂದೆ.
"ಬರ್ಕೋ," ಮಡಿಲಿನ ಅವರೆಕಾಯಿ ಸುಲಿಯುತ್ತ,
"ನಾನು ಸೊಸೆಯಾಗಿ ಬಂದಾಗ ಇದರ ನೆಳ್ಳು ಆ ಬಂಡೆಗಂಟ ಇತ್ತು.
ಈಗ ಬಂಡೆ ದಾಟಿ ಅಬ್ಬಯ್ಯನ ವೊಲಕ್ಕೆ ಕಾಲು ಚಾಚದೆ.
ಅದ್ನೂ ಬರ್ಕೋ."
ಒಂದು ಹಿಡಿ ಕಾಯಿ ನನ್ನ ಕೈಗೂ ಸುರಿದಳು.
ಸೊಗಡು ಬೆರಳಿಗೆ ಹತ್ತಿತು, ಬೆರಳಿಂದ ಹಾಳೆಗೆ.

ನಾನಿರುವುದು ಕಮ್ಮನಹಳ್ಳಿಯ ನೆಲಮಹಡಿಯ ಒಂದು ಕೋಣೆ.
ಎದುರು ಸೈಟಿನವರು ಐದನೇ ಮಹಡಿ ಎತ್ತಿದ ಮೇಲೆ
ನನ್ನ ಕಿಟಕಿಗೆ ಬಿಸಿಲು ದಿನಕ್ಕೆ ಹನ್ನೊಂದು ನಿಮಿಷ,
ಅದೂ ಬೇಸಿಗೆಯಲ್ಲಿ.
ಒಗೆದದ್ದು ಎರಡು ದಿನವಾದರೂ ಹಸಿ. ತುಳಸಿ ಕುಂಡ ಇದು ಮೂರನೆಯದು.
ಆ ನೆರಳನ್ನು ಯಾರೂ ಅಳೆಯಲಿಲ್ಲ.
ಹಗಲಲ್ಲೇ ಟ್ಯೂಬ್‌ಲೈಟು ಹಾಕಿ ಕೂತು
ಗುಳ್ಳೇನಹಳ್ಳಿಯ ಬಿಸಿಲನ್ನು ಲೆಕ್ಕ ಮಾಡಿದೆ.

ಪುಷ್ಯ ಮಾಸ, ಸಂಜೆ ನಾಲ್ಕು:
ಹುಣಸೆಯ ನೆರಳು ಈಶಾನ್ಯಕ್ಕೆ ಇಪ್ಪತ್ತೊಂಬತ್ತು ಮೀಟರು,
ಏಳು ಹಲಗೆಗಳ ಮೇಲೆ.
ಒಂದಕ್ಕೆ ಮಬ್ಬು ಕವಿದರೆ ಸಾಲಿಗೇ ಮಂಕು,
ಕೈಕೈ ಹಿಡಿದು ಸುತ್ತುವ ಮಕ್ಕಳಲ್ಲಿ ಒಬ್ಬ ಕೂತುಬಿಟ್ಟ ಹಾಗೆ.
ಶಿಫಾರಸು: ತೆರವು.

ಧೈರ್ಯವಂತೆಯೇನಲ್ಲ ನಾನು. ಐದನೇ ತಾರೀಖಿಗೆ ಬಾಡಿಗೆ ಕಟ್ಟಬೇಕು.
ಮರದ ಎತ್ತರ ಎಂಬಲ್ಲಿ ಹದಿನಾಲ್ಕು ಅಂತಿತ್ತು.
ಒಂದನ್ನು ಅಳಿಸಿದೆ.
ನಾಲ್ಕು ಮೀಟರು. ಒಂದು ಪೊದೆ.
ಕಣ್ತಪ್ಪು ಅಂದುಕೊಳ್ಳಬಹುದಾದಷ್ಟು ಸಣ್ಣ ಸುಳ್ಳು.

ಈಗ ಅಲ್ಲಿ ಕಪ್ಪು ಕೆರೆ ಓರೆಯಾಗಿ ನಿಂತ ಹಾಗಿದೆಯಂತೆ.
ಹುಲ್ಲು ಎದ್ದು ತಂತಿ ಮುಟ್ಟಿದಾಗ ಕಂಪನಿಯೇ
ಪಿಳ್ಳಮ್ಮನಿಗೆ ಹೇಳಿಕಳಿಸಿತು.
ಕುರಿ ಮಾತ್ರ, ಮೇಕೆ ಬೇಡ, ಮೇಕೆ ಹಲಗೆ ಹತ್ತುತ್ತೆ.
"ತಿಂಗಳಿಗೆಷ್ಟು?" ಅಂದಳಂತೆ.
"ಮೇವು ಬಿಟ್ಟಿ ಅಲ್ವೇನಮ್ಮ" ಅಂದರಂತೆ.
"ಗೇಮೆ ಬಿಟ್ಟಿ ಅಲ್ಲ" ಅಂದು ಬೇಲಿಯಾಚೆಯೇ ನಿಂತಳಂತೆ.
ಮಾತು ಇನ್ನೂ ಮುಗಿದಿಲ್ಲ. ಹುಲ್ಲು ಬೆಳೆಯುತ್ತಿದೆ.

ಜನವರಿ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ
ವೈಟ್‌ಫೀಲ್ಡಿನ ಕಚೇರಿಯ ಪರದೆಯಲ್ಲಿ ಹದಿಮೂರನೇ ಸಾಲು ಕೆಂಪಾಗುತ್ತದೆ.
ಫೋನು ಬರುತ್ತದೆ: "ಧೂಳಾ?"
"ಇರಬಹುದು" ಅನ್ನುತ್ತೇನೆ.
ತೊಳೆಸುತ್ತಾರೆ. ಮಾರನೇ ದಿನ ಮತ್ತೆ ಕೆಂಪು.

ಇಲ್ಲಿ ನನ್ನ ಟ್ಯೂಬ್‌ಲೈಟು ಒಮ್ಮೆ ಮಿಟುಕುತ್ತದೆ.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಓದಿದವಳು ನಾನು, ಗೊತ್ತು.
ಆದರೂ ಎದ್ದು ಅದನ್ನು ಆರಿಸಿ
ಸ್ವಲ್ಪ ಹೊತ್ತು ಆ ಮಬ್ಬಲ್ಲೇ
ಇನ್ನೂ ಹಸಿಯಿರುವ ಬಟ್ಟೆ ಮಡಚುತ್ತೇನೆ.