ಎರಡು ದನಿ, ಒಂದು ಗಾಜು

ಹಾಪ್ಸಾಲು ಪೇಟೆಯ ಅಂಗಡಿ ಹುಡುಗ ರೈಗೊ
ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟ.
ಅಂಗೈಯಗಲದ್ದು ಒಂದು, ಎರಡು ಬೆರಳು ಹೆಚ್ಚಿನದು ಇನ್ನೊಂದು.
"ದೊಡ್ಡದಕ್ಕೆ ಬದುಕಿರುವ ತನಕ ನಕ್ಷೆ ಪುಕ್ಕಟೆ."
ಯಾರು ಬದುಕಿರುವ ತನಕ? ನಾನೋ, ಅದೋ?
ಹುಡುಗ ಡಬ್ಬಿಯ ಬೆನ್ನಿನ ಸಣ್ಣಕ್ಷರ ಓದತೊಡಗಿದ,
ಓದಿ ಮುಗಿಸಲಿಲ್ಲ.

ನಾನು ಪಿಯಾನೋಗೆ ಶ್ರುತಿ ಕೂಡಿಸುವವಳು.
ಮೂವತ್ತೊಂದು ವರ್ಷ, ಶಾಲೆ, ಇಗರ್ಜಿ,
ಬೀಗದ ಕೈ ಕಳೆದುಹೋದ ಸಭಾಭವನ,
ಬೇಕರಿಯವನ ತಂಗಿಯ ಮಹಡಿ,
ಎಲ್ಲ ದಾರಿಯೂ ತಲೆಯಲ್ಲೇ ಇತ್ತು.
ಹೋದ ಅಕ್ಟೋಬರಿನಲ್ಲಿ
ಅದೇ ಮೂರು ಬರ್ಚ್ ಮರಗಳನ್ನು ನಾಲ್ಕು ಸಲ ದಾಟಿದ ಮೇಲೆ
ಒಪ್ಪಿಕೊಂಡೆ: ತಲೆಯ ತಂತಿಯೂ ಸಡಿಲುತ್ತದೆ,
ಅದನ್ನು ಬಿಗಿಯುವ ಕೀಲಿ ನನ್ನ ಚೀಲದಲ್ಲಿಲ್ಲ.

ತೆರೆಯ ಅಳತೆ, ಬ್ಯಾಟರಿಯ ಆಯಸ್ಸು, ಗಾಜಿಗೆ ಕಚ್ಚುವ ರಬ್ಬರ್ ಬಟ್ಟಲು,
ಹುಡುಗ ಹೇಳುತ್ತಲೇ ಇದ್ದ. ನನಗೆ ಬೇಕಿದ್ದದ್ದು ದನಿ.
ಮಾತಾಡಿಸು, ಅಂದೆ.

ದೊಡ್ಡದು ನಮ್ಮ ಎಸ್ಟೋನಿಯನ್ ಬಲ್ಲ ಹೆಂಗಸು.
'ಎಡಕ್ಕೆ' ಅನ್ನುವಾಗ ಕೊನೆಯಲ್ಲಿ ತುಸು ಏರಿಸುತ್ತಾಳೆ,
ಮದುವೆಮನೆಯ ಉಗ್ರಾಣ ವಹಿಸಿಕೊಂಡ ಅತ್ತಿಗೆಯ ಹಾಗೆ.
ಚಿಕ್ಕದಕ್ಕೆ ನಮ್ಮ ಮಾತು ಬಾರದು. ಫಿನ್ನಿಷ್ ಗಂಡಸು,
ಕೊಲ್ಲಿಯಾಚೆಯ ನೆಂಟ; ಅರ್ಧ ತಿಳಿಯುತ್ತದೆ,
ಇನ್ನರ್ಧ ನಾವೇ ತುಂಬಿಕೊಳ್ಳಬೇಕು.
ಮಂದ್ರದಲ್ಲಿ, ಏರಿಳಿತವಿಲ್ಲದೆ,
ಮನಸ್ಸಿದ್ದರೆ ತಿರುಗು, ಅನ್ನುವಂತೆ.

"ಎರಡನ್ನೂ ಒಯ್ಯಿರಿ ಹೆಲ್ವೆಯವರೇ. ಸೋಮವಾರ
ಬೇಡದ್ದನ್ನು ತಂದುಕೊಡಿ."
ಅವನ ಅಜ್ಜಿಯ ಪಿಯಾನೋದ ಬಾಕಿ ನಾನು ಕೇಳಿರಲಿಲ್ಲ.

ಗಾಜಿಗೆ ಎರಡನ್ನೂ ಅಂಟಿಸಿ ಹೊರಟೆ.
ಒಂದೇ ತಿರುವು, ಎರಡು ಬಾಯಿ, ನಡುವೆ ಅರೆಕ್ಷಣದ ಬಿರುಕು.
ಒಂದೇ ಮನೆಯ ಎರಡು ತಂತಿ ಕೂದಲೆಳೆಯಷ್ಟು ಬೇರೆಯಾದರೆ
ಏಳುತ್ತದಲ್ಲ, ವಾಂವ್... ವಾಂವ್... ಎಂದು ಅಲೆ,
ಹಾಗೆ. ಬಲಗೈ ತಾನಾಗಿ ಕೀಲಿ ತಡಕಿತು.

ರೊಹುಕ್ಯುಲದಲ್ಲಿ ನೆಲ ಮುಗಿಯಿತು.
ಈ ಸಲದ ಚಳಿ ಸಮುದ್ರಕ್ಕೇ ಹಲಗೆ ಹಾಸಿತ್ತು,
ದ್ವೀಪದವರೆಗೂ ಮಂಜುಗಡ್ಡೆಯ ರಸ್ತೆ.
ಕಾವಲಿನವನು ಕಿಟಕಿಗೆ ಬಗ್ಗಿದ: "ಬೆಲ್ಟ್ ಬಿಚ್ಚಿ.
ಇಪ್ಪತ್ತೈದರ ಒಳಗೆ ಹೋಗಿ, ಇಲ್ಲವೇ ನಲವತ್ತರ ಮೇಲೆ.
ನಡುವಿನ ವೇಗಕ್ಕೆ ಅಡಿಯ ನೀರು ಅಲೆ ಕಟ್ಟುತ್ತದೆ,
ಹಲಗೆ ಸೀಳುತ್ತದೆ."
ಗೊತ್ತು, ಅಂದೆ. ನನ್ನ ಕಸುಬೇ ಅದು.

ಇಳಿದೆ. ತೆರೆಗಳೆರಡೂ ನೀಲಿ.
ಅತ್ತಿಗೆಗೆ ಜೀವವೇ ಹಾರಿತು:
ಆದಷ್ಟು ಬೇಗ ಹಿಂದಿರುಗಿ.
ಜೂನಿಪರ್ ಕೊಂಬೆ ನೆಟ್ಟ ಗುರುತು ದಾಟಿದಂತೆಲ್ಲ
ಹಿಂದಿರುಗಿ, ಹಿಂದಿರುಗಿ.
ಅವಳ ಲೆಕ್ಕದಲ್ಲಿ ನಾನು ಮುಳುಗಿ ಆರು ನಿಮಿಷ.
ಆದರೂ ಕೈಬಿಡಲಿಲ್ಲ, ಅದನ್ನು ಮೆಚ್ಚಲೇಬೇಕು.
ಗಂಡಸು ಒಮ್ಮೆ ಏನೋ ಅಂದ,
ದಾರಿಯಿಲ್ಲ ಎಂದಿರಬೇಕು, ಆಮೇಲೆ ಸುಮ್ಮನಾದ.
ನೀಲಿಯ ನಡುವೆ ಒಂದು ಬಾಣ,
ನಾನು ಹೋದತ್ತ ಅದರ ಮೂತಿ.

ಶಾಲೆಯ ಪಿಯಾನೋದೊಳಗೆ ಒಂದು ಪೆನ್ಸಿಲು, ಎರಡು ಹಾಲುಹಲ್ಲು.
ಮುಗಿಸಿ ಹೊರಬಂದರೆ ಹಿಮ ಅಡ್ಡಡ್ಡ ಬೀಸುತ್ತಿತ್ತು,
ಕೊಂಬೆಗಳು ಕಾಣುತ್ತಿರಲಿಲ್ಲ.
ಅತ್ತಿಗೆ ಹಿಂದಿರುಗಿ ಅಂದಳು, ಎತ್ತ ಎನ್ನಲಿಲ್ಲ.
ಚಿಕ್ಕ ತೆರೆ ನೋಡಿದೆ: ನೀಲಿಯುದ್ದಕ್ಕೂ
ಬೆಳಿಗ್ಗೆ ನಾನು ಬಂದ ಜಾಡು, ಚುಕ್ಕಿ ಚುಕ್ಕಿಯಾಗಿ.
ದಾರಿ ತಿಳಿಯದವನು
ನನ್ನದನ್ನೇ ಬರೆದಿಟ್ಟುಕೊಂಡಿದ್ದ.

ಸೋಮವಾರ ದೊಡ್ಡದನ್ನು ಕೊಟ್ಟೆ.
"ನಕ್ಷೆ ಪುಕ್ಕಟೆ ಇದಕ್ಕೇ ಅಲ್ಲವೇ?" ರೈಗೊಗೆ ಬೇಸರ.
ಹೌದು, ಅಂದೆ. ಡಬ್ಬಿಯ ಒಂದು ಮೂಲೆ ಹರಿದಿತ್ತು,
ಅದಕ್ಕೆ ಎರಡು ಯೂರೋ ಕೊಟ್ಟೆ.

ಏಪ್ರಿಲಿನಲ್ಲಿ ದ್ವೀಪಕ್ಕೆ ಹೋದದ್ದು ದೋಣಿಯ ಮೇಲೆ, ಕಾರಿನೊಳಗೆ ಕೂತೇ.
ಅಡಿಯಲ್ಲಿ ಕಡು ನೀರು, ಎಂಜಿನ್ನಿನ ನಡುಕ.
ತೆರೆಯಲ್ಲಿ ಫೆಬ್ರವರಿಯ ಚುಕ್ಕಿಗಳು ಹಾಗೇ ಇದ್ದವು,
ದೋಣಿಯ ದಾರಿಯನ್ನು ಓರೆಯಾಗಿ ಕತ್ತರಿಸಿ.
ಅಳಿಸುವುದು ಹೇಗೆಂದು ಪುಸ್ತಿಕೆಯಲ್ಲಿದೆ.
ಪುಸ್ತಿಕೆ ಫಿನ್ನಿಷ್‌ನಲ್ಲಿದೆ.