ಆರು ಸದ್ದು

ಒಂಟಿಕೊಪ್ಪಲಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ
ಗಿರಣಿ ನಿಂತ ಮೇಲೆ, ರಾತ್ರಿ ಒಂಬತ್ತೂವರೆಗೆ
ತಲೆ ತುಂಬ ರಗ್ಗು ಹೊದ್ದು
ಆರು ಸದ್ದು ರೆಕಾರ್ಡ್ ಮಾಡಿದೆ:
ಆ. ಊ. ಈ. ಮ್. ಶ್. ಸ್.
ಕಿವಿಗೆ ಯಂತ್ರ ಕೂರಿಸಿಕೊಂಡ ಮಕ್ಕಳಿಗೆ
ಬೆಳಗಿನ ಪರೀಕ್ಷೆ ಇಷ್ಟೇ.
ಕೇಳಿದರೆ ಒಂದು ಮಣಿ ಬಟ್ಟಲಿಗೆ,
ಕೇಳದಿದ್ದರೆ ಮಣಿ ಕೈಯಲ್ಲೇ.

ಪುಟಕ್ಕೆ ಚಿತ್ರ ಅಂಟಿಸಿದೆ,
ಊ ಎಂದರೆ ರೈಲು, ಈ ಎಂದರೆ ಇಲಿ, ಸ್ ಎಂದರೆ ಕುಕ್ಕರು.
ನನ್ನ ಲ್ಯಾಪ್‌ಟಾಪಿನಲ್ಲಿ ನುಡಿಯಿತು.
ಗಿರಣಿಯ ಪುಟ್ಟಮಾದಯ್ಯನ ಹಿಟ್ಟು ಮೆತ್ತಿದ ಫೋನಿನಲ್ಲೂ ನುಡಿಯಿತು.
"ಇಲಿ ಚೆನ್ನಾಗಿ ಕೂಗ್ತದೆ ಕಣವ್ವ" ಎಂದು
ಮತ್ತೆರಡು ಸಲ ಒತ್ತಿದ.
ಆಯಿತಲ್ಲ ಎಂದು ಮಲಗಿದೆ.

ಬೆಳಿಗ್ಗೆ ಮಳವಳ್ಳಿಯಿಂದ ಜಯಶೀಲ.
"ಮೇಡಮ್ಮೋರೆ, ಮತ್ತೆ ಹೋಯ್ತು ಕಣಿ.
ಮಣಿ ಕಿವಿ ಹತ್ರ ಹಿಡ್ಕೊಂಡು ಕುಂತವ್ನೆ, ಹಾಕ್ತಾನೇ ಇಲ್ಲ.
ಆರೂ ಒತ್ತಿದೆ. ಆರಕ್ಕೂ ಇಲ್ಲ."
ಎರಡು ವರ್ಷದ ಸೋಮವಾರಗಳು,
ಬನ್ನೂರಿನ ಮೇಲೆ ಬರುವ ಬಸ್ಸಿನ ಕಿಟಕಿಗಳು,
ಎಲ್ಲ ಆ ಇಲ್ಲದೊಳಗೆ ಕುಸಿದು ಕೂತಿದ್ದವು.

ನಿಮಗೆ ಕೇಳಿತಾ, ಎಂದೆ.
ಅತ್ತ ಸ್ವಲ್ಪ ಹೊತ್ತು ಏನೂ ಇಲ್ಲ.
"ನಂಗಾ?"
ಅವಳ ಕಿವಿಯನ್ನು ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ.
"ನಾನು ಅವನ ಕೈನೇ ನೋಡ್ತಿದ್ದೆ.
ತಡೀರಿ... ನಂಗೂ ಇಲ್ಲ ಕಣಿ."

ಸದ್ದಿಲ್ಲದಾಗ ಸದ್ದಿಲ್ಲ ಎಂದವನು
ಐದು ವರ್ಷದ ತನ್ವಿತ್ ಒಬ್ಬನೇ.

ಮಧ್ಯಾಹ್ನ ಇಬ್ಬರೂ ಬಂದರು,
ಕರ್ಚೀಫಿನಲ್ಲಿ ಸುತ್ತಿದ ಫೋನು:
ಅವಳಣ್ಣ ಬಳಸಿ ಬಿಟ್ಟ ಐಫೋನು, ಮೂಲೆಯಲ್ಲಿ ಬಿರುಕು.
ಪಕ್ಕದ ಗುಂಡಿ ಸರಿಸಿ ನೋಡಿದೆ, ಸೈಲೆಂಟ್ ಅಲ್ಲ.
ವಾಲ್ಯೂಮು ಪೂರ್ತಿ.
ಅಲಾರಂ ಇಟ್ಟರೆ ಬೀದಿಗೆ ಕೇಳುವಷ್ಟು ಕಿರುಚಿತು.
ಅಂದರೆ ಬಾಯಿ ಇದೆ,
ನಾನು ಕಟ್ಟಿಕೊಟ್ಟ ಗಂಟು ಬಿಚ್ಚಲು ಬರುವುದಿಲ್ಲ.
ಜಾಗ ಉಳಿಯಲೆಂದು ಓಜಿಜಿ ಫೈಲು ಮಾಡಿದ್ದೆ.
ಆ ಹಳೆಯ ಸಫಾರಿಗೆ ಅದು ಗೊತ್ತಿಲ್ಲ,
ಗೊತ್ತಿಲ್ಲ ಎಂದು ಹೇಳುವುದೂ ಗೊತ್ತಿಲ್ಲ.
ಒತ್ತಿದರೆ ಗುಂಡಿ ಬೂದಿಬಣ್ಣವಾಗುತ್ತದೆ, ಅಷ್ಟೇ.
ಒಂದು ಸಾಲು ಸೇರಿಸಿದೆ:
ಇದು ಬಾರದಿದ್ದರೆ ಎಂಪಿತ್ರೀ ನೋಡು.

ಆದರೂ ಮೊದಲನೆಯ ಆ ಏಳಲಿಲ್ಲ.
ಪುಟ ತೆರೆದೊಡನೆ ತಾನಾಗಿ ನುಡಿಯಲಿ,
ಮಗು ಬೆಚ್ಚಿ ನಗಲಿ ಎಂದು ಬರೆದಿದ್ದೆ.
ಯಾರಾದರೂ ಮುಟ್ಟುವ ತನಕ
ಬಾಯಿ ಬಿಡಗೊಡುವುದಿಲ್ಲ ಈ ಬ್ರೌಸರು.
ಸಿಟ್ಟು ಬಂತು. ಆಮೇಲೆ
ಕೆ.ಆರ್.ಎಸ್. ಬಸ್ಸಿನಲ್ಲಿ ಯಾರದೋ ತೊಡೆಯ ಮೇಲೆ
ಹೇಳದೆ ಕೇಳದೆ ಅರಚುವ ಫೋನುಗಳ ನೆನಪಾಗಿ
ಹಠ ಬಿಟ್ಟೆ.
ದೊಡ್ಡದೊಂದು ಹಳದಿ ಗುಂಡಿ ಇಟ್ಟೆ: ಮುಟ್ಟು.

ಮುಟ್ಟಿದ.
ಆ. ಬಟ್ಟಲಿಗೆ ಮಣಿ.
ಊ. ಮಣಿ.
ಈ ಬಂದಾಗ ನನ್ನ ಮುಖ ನೋಡಿದ, ಪುಟದಲ್ಲಿರುವುದು
ನನ್ನದೇ ಗಂಟಲೆಂದು ತಿಳಿಯಿತೋ ಏನೋ. ಮಣಿ.
ಮ್, ಶ್. ಮಣಿ, ಮಣಿ.
ಕೆಳಗೆ ಗಿರಣಿ ಶುರುವಾಯಿತು, ನೆಲ ನಡುಗಿತು.
ಸ್.
ಮಣಿ ಕಿವಿಯ ಹತ್ತಿರವೇ ನಿಂತಿತು.

ಮತ್ತೆ ಒತ್ತಿದೆ. ಇಲ್ಲ.
ಹೊಸ ಫೈಲಿಗೆ ಇಳಿಸುವಾಗ ಸೀಟಿಯ ತುದಿ ಕತ್ತರಿಸಿತೆ?
ಫೋನಿನ ಪುಟ್ಟ ಸ್ಪೀಕರಿಗೆ ನಿಲುಕದೆ?
ಗಿರಣಿಯೇ? ಕಿವಿಯೇ?
ಅವಳ ಮುಖದಲ್ಲಿ ಬೆಳಗಿನ ದನಿ ಮರಳುತ್ತಿತ್ತು.
ಏನು ಹೇಳಲಿ, ನನಗೆ ಗೊತ್ತಿರಲಿಲ್ಲ.

"ತಡೀರಿ" ಎಂದಳು ಜಯಶೀಲ.
ಫೋನು ಮಗುಚಿಟ್ಟು
ತುಟಿ ಕಾಣದಂತೆ ಸೆರಗು ಅಡ್ಡ ಹಿಡಿದು,
ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ
ಸ್ಸ್ಸ್ ಎಂದಳು.

ಟಣ್.

ಇಬ್ಬರನ್ನೂ ಮೂರೂವರೆಯ ಬಸ್ಸಿಗೆ ಕಳಿಸಿ ಬಂದು
ಆರನೆಯ ಫೈಲು ಅಳಿಸಿದೆ.
ರಗ್ಗು ಕೊಡವಿಟ್ಟು
ಗಿರಣಿ ನಿಲ್ಲಲೆಂದು ಕೂತೆ.