ಮೈನಸ್ ಅರವತ್ತರ ಬಾಗಿಲು

ಸೆಗೆಡ್ ಊರಿಗೆ ತೀಸಾ ನದಿಯ ಮಂಜು ಇನ್ನೂ ಕವಿದೇ ಇದೆ.
ನೆಲಮಾಳಿಗೆಯ ಕೋಣೆಯಲ್ಲಿ
ಗಾಜಿನ ಕೊಳವೆ ಕಾಯಿಸಿ ಎಳೆಯುತ್ತೇನೆ,
ಕೂದಲಿಗಿಂತ ಸಣ್ಣಗಾಗಿ, ಕಣ್ಣಿಗೂ ಸಿಗದಾಗಿ
ಟಕ್ಕೆಂದು ಎರಡಾಗುವವರೆಗೆ.

ಬಟ್ಟಲಲ್ಲಿ ಒಂದೇ ಒಂದು ಜೀವಕೋಶ.
ಮೊಲದ ಎದೆಯ ಬಲಮೇಲಂಚಿನಿಂದ ಬಂದದ್ದು.
ಮೊಲ ಇಲ್ಲ, ಎದೆಯೂ ಇಲ್ಲ;
ಇದಕ್ಕೆ ಯಾರೂ ಹೇಳಿಲ್ಲ.
ಬಡಿಯುತ್ತಿದೆ.

ನಳಿಕೆ ಬಾಯಿಗಿಟ್ಟು ಉಸಿರೆಳೆಯುತ್ತೇನೆ,
ಬಿಸಿ ಮೀನಿನ ಸಾರಿನ ಮೊದಲ ಗುಟುಕಿನ ಹಾಗೆ, ಹೆದರಿ ಹೆದರಿ.
ಗಾಜು ಪೊರೆಯನ್ನು ಕಚ್ಚಿಕೊಂಡಿತು.
ತೆರೆಯ ಮೇಲೆ ಹಸಿರು ಗೆರೆ.

ಏರುವಾಗ ಕ್ಯಾಲ್ಸಿಯಂ ನುಗ್ಗುತ್ತದೆ,
ಇಳಿಯುವಾಗ ಪೊಟ್ಯಾಸಿಯಂ ಹೊರನಡೆಯುತ್ತದೆ.
ಅಲ್ಲಿಗೆ ಮುಗಿಯಬೇಕು. ಒಂದೊಂದೇ ಕದ ಮುಚ್ಚಬೇಕು,
ಕೊನೆಯ ಟ್ರಾಮ್ ಹೋದಮೇಲಿನ ಅಂಗಡಿಗಳ ಹಾಗೆ.
ಮೈನಸ್ ನಲವತ್ತು. ಐವತ್ತು. ಅರವತ್ತು.
ಇನ್ನು ಕೆಳಗಿಲ್ಲ ಅನ್ನುವಾಗ
ಒಂದು ಬುದ್ಧಿಗೇಡಿ ಬಾಗಿಲು
ತಗ್ಗಿದ್ದಕ್ಕೇ ತೆರೆದುಕೊಳ್ಳುತ್ತದೆ.
ಚಿಟಿಕೆ ಚಿಟಿಕೆಯಾಗಿ ಉಪ್ಪು ಒಳಗೆ.
ಕಂಡವರು ನಂಬಲಾರದೆ
'ತಮಾಷೆಯ ಪ್ರವಾಹ' ಅಂದರಂತೆ.
ಹೆಸರು ಹಾಗೇ ಉಳಿಯಿತು.

ಮೊಲಗಳನ್ನು ನೋಡಿಕೊಳ್ಳುವ ಬೋದೋಗ್‌ಗೆ
ಈಚೆಗೆ ಕೂತಲ್ಲೇ ಎದೆ ಓಡುತ್ತಿತ್ತು.
ಆ ಬಾಗಿಲನ್ನೇ ಅರ್ಧ ಮುಚ್ಚುವ ಗುಳಿಗೆ ಕೊಟ್ಟಿದ್ದಾರೆ,
ಬೆಳಿಗ್ಗೆ ಒಂದು, ರಾತ್ರಿ ಒಂದು.
ತೊಂಬತ್ತೆಂಟು ಇದ್ದದ್ದು ಅರವತ್ತನಾಲ್ಕಕ್ಕೆ ಬಂದಿದೆ.
'ಆದರೆ ದೀಪ ಹಾಕಿದರೆ,' ಅಂದ ನಿನ್ನೆ, ಗಜ್ಜರಿ ಹೆಚ್ಚುತ್ತಾ,
'ಅಂಚಿನಲ್ಲೆಲ್ಲ ಮಿಣುಕು. ಬಲ್ಬಿಗೂ ಬಾಲ.
ನನಗೇನು ತಲೆ ಕೆಟ್ಟಿತೇ?'
ಇಲ್ಲ ಮಾರಾಯ,
ಅಂಥದೇ ಬಾಗಿಲು ಕಣ್ಣಲ್ಲೂ ಇದೆ.

ಮುಂದೆ ಅವನು ಕೇಳಲಿಲ್ಲ.
ಪಂಜರದ ತಂತಿಯೊಳಗೆ ಬೆರಳು ತೂರಿಸಿದ.
ಕಂದು ಹೆಣ್ಣುಮೊಲವೊಂದು ಹತ್ತಿರ ಬಂದು
ಬೆವರಿನ ಉಪ್ಪು ನೆಕ್ಕಿತು.
ಇವತ್ತಿನ ಬಟ್ಟಲಿಗೆ ಬಂದದ್ದು ಅದೇ.

ಉಪ್ಪಿನ ಋಣ ಅಂತಾರಲ್ಲ,
ಯಾರದು ಯಾರಿಗೆ?
ದಿನಚರಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ತಾರೀಖು, ತೂಕ, ದ್ರಾವಣದ ಶಾಖ ಬರೆದೆ.

ದ್ರಾವಣ ತಣ್ಣಗಾಗುತ್ತಿದೆ.
ಗೆರೆ ತಳ ಮುಟ್ಟಿ ನಿಂತಿತು.
ನಾನೂ ಉಸಿರು ಹಿಡಿದೆ.
ಒಂದು.
ಎರಡು.
ಆಮೇಲೆ ಆ ಬುದ್ಧಿಗೇಡಿಯ ಸಂದಿಯಿಂದ,
ಓರೆಯಾಗಿ,
ಮಂಡಿನೋವಿನವರು ಮೆಟ್ಟಿಲು ಹಿಡಿದ ಹಾಗೆ,
ಹತ್ತತೊಡಗಿತು.